ತೋಟದ ಎಣ್ಣೆಯ ಆಶೀರ್ವಾದ

ನಮ್ಮ ಕಡೆ ಮದುವೆ ಹೆಣ್ಣಿಗೆ ಬಾಯಿಮಾತಿನ ಆಶೀರ್ವಾದ ಸಾಲುವುದಿಲ್ಲ. ಅದನ್ನು ಎಣ್ಣೆಯಲ್ಲಿ ಅದ್ದಿ ಕೊಡಬೇಕು. ಮಣೆಯ ಮೇಲೆ ಕೂತವಳ ಪಾದ, ಮಂಡಿ, ಭುಜ, ನೆತ್ತಿಗೆ ಗರಿಕೆಯಿಂದ ಎಣ್ಣೆ ಮುಟ್ಟಿಸಿ ಮುತ್ತೈದೆಯರು ಹರಸುತ್ತಾರೆ. ಹತ್ತನೆಯ ಮುತ್ತೈದೆಯ ಹೊತ್ತಿಗೆ ಹುಡುಗಿ ಆಗಷ್ಟೇ ಬಾಣಲೆಯಿಂದ ತೆಗೆದ ಬಜ್ಜಿಯ ಹಾಗೆ ಹೊಳೆಯುತ್ತಿರುತ್ತಾಳೆ. ಗಂಡಿಗೂ ಇದೇ ಶಾಸ್ತ್ರ. ನನ್ನ ಮದುವೆಯಲ್ಲಿ ನನಗೂ ಆಗಿತ್ತು, ಅದೂ ನಿಟ್ಟೂರಿನ ನಮ್ಮದೇ ತೋಟದ ಕೊಬ್ಬರಿ ಎಣ್ಣೆಯಲ್ಲಿ. ಹೆಂಡತಿ ಮುನಿಸಿಕೊಂಡಾಗಲೆಲ್ಲ, "ತೋಟದ ಎಣ್ಣೆ ಬಿದ್ದಿರೋ ಸಂಸಾರ ಕಣೇ ಇದು, ಅಷ್ಟು ಸುಲಭಕ್ಕೆ ಕೆಡಲ್ಲ" ಎಂದು ಮೀಸೆ ತಿರುವುತ್ತಾ ಬಂದವನು ನಾನು.

ಈಗ ಮಗಳ ಮದುವೆ. ಕುಣಿಗಲ್ಲಿಗೆ ಕೊಟ್ಟಿರುವ ನಮ್ಮ ಸೋದರತ್ತೆ ಫೋನಿನಲ್ಲೇ ಕಟ್ಟಪ್ಪಣೆ ಮಾಡಿದರು: "ಏನ್ಲಾ, ನಾನ್ ಹುಟ್ಟಿದ್ ತೋಟದ್ ಎಣ್ಣೆ ಇದ್ರೆ ಸರಿ. ಇಲ್ದಿದ್ರೆ ಮಗೀನ ನೆತ್ತಿ ನಾನ್ ಮುಟ್ಟಲ್ಲ." ನಮ್ಮ ಮನೆಯಲ್ಲಿ ಮೊದಲ ಗರಿಕೆ ಅವರದೇ. ಅವರು ಕೈ ಕಟ್ಟಿ ಕೂತರೆ ಮಗಳು ಮಣೆಯ ಮೇಲೆ ಒಣಗಿಕೊಂಡು ಕೂರಬೇಕು. ತೊಂದರೆ ಏನೆಂದರೆ, ಅಂತರಸನಹಳ್ಳಿಯ ಕಾರ್ಖಾನೆ ಸೇರಿದ ಮೇಲೆ ನಾನು ತೋಟಕ್ಕೆ ಹೋಗುವುದು ಫೋಟೋ ತೆಗೆಸಿಕೊಳ್ಳಲು ಮಾತ್ರ. ಕಾಯಿ ಬಲಿಯುವ ಮೊದಲೇ ಎಳನೀರಿನವನು ಗೊನೆಗೊನೆಯೇ ಇಳಿಸಿಕೊಂಡು ಹೋಗುತ್ತಾನೆ. ಇನ್ನು ಕೊಬ್ಬರಿ ಎಲ್ಲಿಂದ, ಎಣ್ಣೆ ಎಲ್ಲಿಂದ? ನೂರು ತೆಂಗಿನ ಮರಗಳ ಒಡೆಯನಾದ ನಾನು ಶೆಟ್ಟಿಹಳ್ಳಿಯ ಅಂಗಡಿಯಲ್ಲಿ ಎಣ್ಣೆ ಪ್ಯಾಕೆಟ್ ಕೊಂಡು, ಯಾರೂ ಕಾಣದಂತೆ ಅಜ್ಜಿಯ ಕಾಲದ ಹಿತ್ತಾಳೆ ಗಿಂಡಿಗೆ ಸುರಿದೆ. ಹಳೆಯದಾಗಿ ಕಾಣಲೆಂದು ಗಿಂಡಿಯನ್ನು ಬೆಳಗಲೂ ಇಲ್ಲ.

ಶಾಸ್ತ್ರದ ದಿನ ಅತ್ತೆ ಗಿಂಡಿ ಮೂಸಿ ನನ್ನ ಮುಖ ನೋಡಿದರು. "ತೋಟದ್ದೇನ್ಲಾ?"

"ತೋಟದ್ದೇ ಅತ್ತೆ."

ಯಾರ ತೋಟವೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. "ನೂರ್ ಕಾಲ ಬಾಳವ್ವ" ಎಂದು ಮಗಳ ನೆತ್ತಿ ಮುಟ್ಟುವಾಗ ಅವರ ಕಣ್ಣು ತುಂಬಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಊಟವಾದ ಮೇಲೆ ಅಡುಗೆಮನೆಯಲ್ಲಿ ಅತ್ತೆಯ ಕಾಲು ಹಿಡಿದು ಎಲ್ಲ ಒಪ್ಪಿಕೊಂಡೆ. ಅವರು ವೀಳ್ಯದೆಲೆಗೆ ಸುಣ್ಣ ಸವರುತ್ತಾ, "ಎದ್ದೇಳ್ಲಾ. ಪ್ಯಾಕೆಟ್ ವಾಸ್ನೆ ಗೊತ್ತಾಗದಷ್ಟು ನನ್ ಮೂಗು ಸತ್ತಿಲ್ಲ. ನಿನ್ ಮದ್ವೇಲಿ ನಿಮ್ಮಪ್ಪ ಅಷ್ಟೂ ಕೊಬ್ರಿ ಮಾರ್‌ಬುಟ್ಟಿದ್ದ. ಅವತ್ತು ನಾನೇ ಅಂಗ್ಡಿ ಎಣ್ಣೆ ತಂದ್ ಸುರಿದಿದ್ದೆ" ಎಂದರು.

"ಮತ್ತೆ ಫೋನಲ್ಲಿ ಅಷ್ಟು ಜೋರು ಯಾಕತ್ತೆ?"

"ಕೇಳ್ಬೇಕು ಕಣೋ. ಕೇಳೋರಿಲ್ದಿದ್ರೆ ನೀನು ಗರಿಕೇನೂ ದುಡ್ ಕೊಟ್ ತರ್ತೀಯ."

ಗರಿಕೆಯನ್ನೂ ಮಾರ್ಕೆಟ್ಟಿನಿಂದಲೇ ತಂದಿದ್ದೆ. ಅದನ್ನು ಹೇಳುವ ಧೈರ್ಯ ಬರಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡು. ಈಗ ಮನೆಯಲ್ಲಿ ಜಗಳವಾದರೆ ಎಣ್ಣೆಯ ಸುದ್ದಿಯನ್ನು ನಾನು ಎತ್ತುವುದಿಲ್ಲ, ಅವಳೇ ಎತ್ತುತ್ತಾಳೆ: "ಇಷ್ಟ್ ವರ್ಷ ಈ ಸಂಸಾರ ಕೆಡದೆ ಉಳಿದಿದ್ದು ಯಾರಿಂದ ಅಂತ ಈಗ್ಲಾದ್ರೂ ಗೊತ್ತಾಯ್ತಾ?"