ಕಣ್ಣಿನ ಕುರು ಮತ್ತು ಮನೆಗೊಂದೇ ಟವಲ್

ಕೆಲವರ ಮನೆಗೆ ವರ್ಷಕ್ಕೊಮ್ಮೆ ನೆಂಟರು ಬರುತ್ತಾರೆ. ಜಯನಗರದ ನಮ್ಮ ಮನೆಗೆ ಕಣ್ಣಿನ ಕುರು ಬರುತ್ತದೆ. ಒಬ್ಬರ ರೆಪ್ಪೆ ಊದಿಕೊಂಡರೆ ಸಾಕು, ಹದಿನೈದು ದಿನದೊಳಗೆ ಇನ್ನೊಬ್ಬರದೂ ಊದಿರುತ್ತದೆ. ಯಾಕೆ ಅಂತ ಕೇಳಬೇಕಾಗಿಲ್ಲ. ಬೇಸಿನ್ ಪಕ್ಕ ಒಂದು ಮೊಳೆ, ಮೊಳೆಗೆ ಒಂದು ಟವಲ್. ಅತ್ತೆ, ನನ್ನ ಯಜಮಾನರು, ಮಗಳು, ನಾನು, ನಾಲ್ಕು ಮುಖವೂ ಅದಕ್ಕೇ. ನನಗೆ ಬೇಕಾಗಿದ್ದು ನನ್ನದೇ ಒಂದು ಟವಲ್, ಅಷ್ಟೇ. ಮದುವೆಯಾಗಿ ಇಪ್ಪತ್ತೊಂದು ವರ್ಷವಾದರೂ ಅದೊಂದು ಸಿಕ್ಕಿರಲಿಲ್ಲ.

ಚಟ್ನಿಪುಡಿಯ ತಪ್ಪು

ಮೊದಲ ಕುರು ಎದ್ದಿದ್ದು ನನಗೇ. ಮದುವೆಯಾದ ಹೊಸದು. ಗದಗದಿಂದ ಅವ್ವ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಳಿಸಿದ್ದಳು. ಅತ್ತೆ ನನ್ನ ಕಣ್ಣು ನೋಡಿದರು, ಆಮೇಲೆ ಡಬ್ಬಿ ನೋಡಿದರು.

"ಉಷ್ಣ. ದಿನಾ ಇದನ್ನ ತಿಂದ್ರೆ ಇನ್ನೇನಾಗುತ್ತೆ?"

"ಉಷ್ಣ ಅಲ್ಲ ಅತ್ತೆ, ಎಲ್ರೂ ಒಂದೇ ಟವಲ್ ಬಳಸ್ತೀವಲ್ಲ, ಅದಕ್ಕೆ. ನಂಗೊಂದು ಬೇರೆ ಇಟ್ಕೋತೀನಿ."

"ಇವತ್ತು ಟವಲ್ ಬೇರೆ ಅಂತೀಯ, ನಾಳೆ ಒಲೆ ಬೇರೆ ಅಂತೀಯ. ಈ ಮನೇಲಿ ಅದೆಲ್ಲ ಇಲ್ಲ ಕಣಮ್ಮ."

ನಾನು ತವರಿಂದ ತಂದು ನೇತುಹಾಕಿದ್ದ ಟವಲ್ ಸಂಜೆಯೊಳಗೆ ನೆಲ ಒರೆಸುವ ಬಟ್ಟೆಯಾಗಿತ್ತು. ಚಟ್ನಿಪುಡಿ ಅಟ್ಟ ಸೇರಿತು. ನನಗೆ ಒಂದು ವಾರ ಬರೀ ಮಜ್ಜಿಗೆ ಅನ್ನ. ಕಣ್ಣು ವಾಸಿಯಾದ ಮೇಲೆ ಆಸೆಯಿಂದ ಡಬ್ಬಿ ಇಳಿಸಿದರೆ ತಳದಲ್ಲಿ ಒಂದು ಚಮಚವೂ ಇರಲಿಲ್ಲ.

"ನೀನು ತಡೀಲಾರದೆ ತಿಂದುಬಿಟ್ರೆ ಅಂತ ನಾನೂ ನನ್ ಮಗಾನೂ ಮುಗಿಸಿಬಿಟ್ವಿ. ಎಲ್ಲ ನಿನ್ ಒಳ್ಳೇದಕ್ಕೇ" ಎಂದರು.

ಮೂಲೆಮನೆಯ ನಾಯಿ

ಯಜಮಾನರಿಗೆ ಕುರು ಎದ್ದಾಗ ಉಷ್ಣದ ಮಾತೇ ಬರಲಿಲ್ಲ. ಸೊಸೆಗೆ ಬಂದರೆ ತಿಂಡಿಪೋತತನ, ಮಗನಿಗೆ ಬಂದರೆ ಊರಿನವರ ತಪ್ಪು. ನಾಯಿ ರಸ್ತೆಯಲ್ಲಿ ಕೂತು ಗಲೀಜು ಮಾಡುವುದನ್ನು ನೋಡಿದರೆ ಕಣ್ಣಿಗೆ ಕುರು ಏಳುತ್ತದೆ ಅಂತ ಅತ್ತೆ ತೀರ್ಪು ಕೊಟ್ಟರು. ಮೂಲೆಮನೆಯ ನಿವೃತ್ತ ಅಂಕಲ್ ಪ್ರತಿದಿನ ಬೆಳಿಗ್ಗೆ ತಮ್ಮ ನಾಯಿಯನ್ನು ನಮ್ಮ ಗೇಟಿನ ಮುಂದೆಯೇ ನಿಲ್ಲಿಸುತ್ತಿದ್ದರು. ಎಂಜಿನಿಯರಿಂಗ್ ಓದಿದ ನನ್ನ ಯಜಮಾನರು ಒಂದು ಕಣ್ಣು ಮುಚ್ಚಿಕೊಂಡೇ ಜಗಳಕ್ಕೆ ಹೊರಟರು.

"ಅಂಕಲ್, ನಿಮ್ ನಾಯೀನ ಬೇರೆ ರೋಡಿಗೆ ಕರ್ಕೊಂಡ್ ಹೋಗಿ. ನೋಡಿ, ನನ್ ಕಣ್ಣು ಏನಾಗಿದೆ!"

ಅಂಕಲ್ ಹತ್ತಿರ ಬಂದು ನೋಡಿದರು. "ಅಲ್ಲಾ ಸಾರ್, ಹನ್ನೊಂದು ವರ್ಷದಿಂದ ದಿನಕ್ಕೆ ಎರಡು ಸಲ ನಾನು ನಿಂತ್ಕೊಂಡು ನೋಡ್ತಾ ಇದೀನಿ. ನನ್ ಕಣ್ಣು ಸಖತ್ತಾಗಿದೆಯಲ್ಲ!"

ಯಜಮಾನರು ಪೆಚ್ಚಾಗಿ ಒಳಗೆ ಬಂದು, ಮುಖ ತೊಳೆದು, ಅದೇ ಟವಲಿಗೆ ಒರೆಸಿಕೊಂಡರು.

ಉಂಗುರದ ಮಹಿಮೆ

ಆಮೇಲೆ ಮಗಳ ಸರದಿ. ಕಾಲೇಜಿಗೆ ಹೋಗುವ ಹುಡುಗಿ, ಕನ್ನಡಿ ಮುಂದೆ ನಿಂತು ಅದನ್ನು ಹಿಚುಕಲು ಹೊರಟಿದ್ದಳು. ಕೈ ಹಿಡಿದು ನಿಲ್ಲಿಸಿದೆ. ಕಾಡಿಗೆ ಬಿಡಿಸಿದೆ. ದಿನಕ್ಕೆ ನಾಲ್ಕು ಸಲ ಕೈ ತೊಳೆದುಕೊಂಡು, ಶುದ್ಧ ಬಟ್ಟೆಯನ್ನು ಹದವಾದ ಬಿಸಿನೀರಲ್ಲಿ ಅದ್ದಿ ಹಿಂಡಿ, ಹತ್ತು ಹತ್ತು ನಿಮಿಷ ರೆಪ್ಪೆಯ ಮೇಲೆ ಇಟ್ಟೆ. ಅತ್ತೆ ಒಂದೇ ಒಂದು ಸಲ ತಮ್ಮ ಚಿನ್ನದ ಉಂಗುರವನ್ನು ಅಂಗೈಗೆ ತಿಕ್ಕಿ ಬಿಸಿ ಮಾಡಿ ಕುರುವಿಗೆ ಮುಟ್ಟಿಸಿದರು. ನಾಲ್ಕನೇ ದಿನ ಕುರು ತಾನಾಗೇ ಒಡೆದು ಇಳಿಯಿತು.

ಉಂಗುರದ ಕೀರ್ತಿ ಇಡೀ ರಸ್ತೆಗೆ ಹಬ್ಬಿತು. ಕಣ್ಣು ಊದಿಸಿಕೊಂಡವರು ಹುಡುಕಿಕೊಂಡು ಬಂದರು, ಅವರಿಗೆಲ್ಲ ಕಾಫಿ ಮಾಡಿದ್ದು ನಾನು. ಒಂದು ದಿನ ತಡೆಯಲಾರದೆ ಹೇಳಿದೆ, "ಅತ್ತೆ, ನಾಲ್ಕು ದಿನ ಬಿಸಿನೀರು ಕಾಯಿಸಿದ್ದು ನಾನು."

"ಓ, ನೀನೇನಾ? ಗ್ಯಾಸ್ ಯಾಕೆ ಇಷ್ಟು ಬೇಗ ಖಾಲಿ ಆಯ್ತು ಅಂತ ಯೋಚಿಸ್ತಾ ಇದ್ದೆ."

ಕೊನೆಗೂ ನನಗೊಂದು ಟವಲ್

ಈ ವರ್ಷ ಅತ್ತೆಗೇ ಬಂತು, ಎರಡೂ ಕಣ್ಣಿಗೆ. ಉಂಗುರ ತಿಕ್ಕಿ ತಿಕ್ಕಿ ಅಂಗೈ ಕೆಂಪಾಯಿತೇ ಹೊರತು ಊತ ಇಳಿಯಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಡಾಕ್ಟರು ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು.

"ಅಜ್ಜಿ, ಮನೇಲಿ ಎಲ್ರೂ ಒಂದೇ ಟವಲ್ ಬಳಸ್ತೀರಾ? ಅದನ್ನ ಮೊದಲು ಬಿಡಿ. ಒಬ್ಬೊಬ್ಬರಿಗೆ ಒಂದೊಂದು ಇಡಿ."

ಇಪ್ಪತ್ತೊಂದು ವರ್ಷ ನಾನು ಬಡಿದುಕೊಂಡ ಮಾತು! ಅತ್ತೆ ನನ್ನ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ಓದಿದವರು ಹೇಳ್ತಾರೆ, ಕಲ್ತ್ಕೋ" ಎಂದರು.

ಬರುವಾಗ ಫೋರ್ತ್ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಆಟೋ ನಿಲ್ಲಿಸಿ, ಅವರೇ ಆರಿಸಿ ಟವಲ್ ಕೊಂಡರು. ಮನೆಯಲ್ಲಿ ಮೂರು ಹೊಸ ಮೊಳೆ ಹೊಡೆಸಿದರು. ನೀಲಿ ಮಗನಿಗೆ, ಗುಲಾಬಿ ಮೊಮ್ಮಗಳಿಗೆ, ಬಿಳಿ ತಮಗೆ. ನಾನು ಕಾಯುತ್ತಾ ನಿಂತೆ. ಚೀಲ ಖಾಲಿಯಾಗಿತ್ತು.

ಅತ್ತೆ ಹಳೆಯ ಮೊಳೆಯಿಂದ ಆ ಹಳೆಯ ಟವಲ್ ತೆಗೆದು, ಕೊಡವಿ, ನನ್ನ ಕೈಗಿಟ್ಟರು.

"ಬಂದಾಗಿನಿಂದ ಬೇರೆ ಟವಲ್ ಬೇಕು, ಬೇರೆ ಟವಲ್ ಬೇಕು ಅಂತಿದ್ದೆಯಲ್ಲ. ತಗೋ, ಇನ್ಮೇಲೆ ಇದನ್ನ ಯಾರೂ ಮುಟ್ಟಲ್ಲ. ಪೂರ್ತಿ ನಿಂದೇ."