ಬೆನ್ನಿನ ಮೇಲಿನ ಮೂರು ಪಟ್ಟಿ

ತನ್ನ ಬೆನ್ನನ್ನು ತಾನೇ ನೋಡಿಕೊಳ್ಳಲಾಗದು ಎಂಬ ಸಣ್ಣ ಕೊರತೆಯೇ ಗಾರೆ ಮೇಸ್ತ್ರಿಯನ್ನು ಮುಳುಗಿಸಿತು.

ಹದಿನೈದು ವರ್ಷ ಸಿಮೆಂಟು ಕಲಸಿ ಅವನ ಕೈಗಳು ಒಡೆದು, ಬಿರಿದು, ಸದಾ ತುರಿಸುತ್ತಿದ್ದವು. ಸಿಮೆಂಟಿನಲ್ಲಿ ಚಿಟಿಕೆಯಷ್ಟಿರುವ ಕ್ರೋಮಿಯಂ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ ಎಂದ ಡಾಕ್ಟರಮ್ಮ, ಎರಡು ದಿನದ ಹಿಂದೆ ಪರೀಕ್ಷೆಗೆಂದು ಅವನ ಬೆನ್ನಿಗೆ ಮೂರು ಪಟ್ಟಿ ಅಂಟಿಸಿದ್ದರು: ಕ್ರೋಮಿಯಂ, ಕೋಬಾಲ್ಟ್, ನಿಕಲ್. ಕೆರೆಯಬಾರದು, ಒದ್ದೆ ಮಾಡಬಾರದು. ಇವತ್ತು ಸಂಜೆ ನಾಲ್ಕಕ್ಕೆ ಬಿಚ್ಚಿ ನೋಡುವುದು. ಕ್ರೋಮಿಯಂ ಪಟ್ಟಿಯಡಿ ಕೆಂಪಾಗಿದ್ದರೆ ಮೇಸ್ತ್ರಿಗೆ ಉಗ್ರಾಣದ ಕೆಲಸ ಎಂದು ಇಂಜಿನಿಯರು ಮಾತು ಕೊಟ್ಟಿದ್ದರು. ಉಗ್ರಾಣವೆಂದರೆ ಕುರ್ಚಿ, ಫ್ಯಾನು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಮೇಸ್ತ್ರಿಗೆ ಎರಡು ದಿನದಿಂದ ಕುರ್ಚಿಯದೇ ಧ್ಯಾನ.

ಬೆಳಿಗ್ಗೆ ಹೆಂಡತಿಗೆ ಬೆನ್ನು ತೋರಿಸಿದ. ಅವಳು ಪಟ್ಟಿಗಳ ಅಂಚೆತ್ತಿ ಇಣುಕಿ, "ಸುಮ್ನೆ ಹೋಗಿ, ಸಂಜೆ ಡಾಕ್ಟರಮ್ಮ ಹೇಳ್ತಾರೆ" ಎಂದು ಅಂಗಿ ಇಳಿಸಿದಳು. ಮೇಸ್ತ್ರಿಗೆ ಅನುಮಾನ ಹತ್ತಿತು. ಕೆಂಪಾಗಿದ್ದರೆ ಹೇಳುತ್ತಿರಲಿಲ್ಲವೇ?

ಕಟ್ಟಡದ ತುಂಬ ಸುದ್ದಿ ಹಬ್ಬಿತ್ತು. ಬಡಗಿ ಶುಭ ಹಾರೈಸುವ ಭರದಲ್ಲಿ ಬೆನ್ನಿಗೇ ಗುದ್ದಿದ. ಬಣ್ಣದವನು, ಬೇಕಾದರೆ ತನ್ನ ಹತ್ತಿರ ಆರು ನಮೂನೆ ಕೆಂಪು ಇದೆ ಎಂದ. ಮೇಸ್ತ್ರಿ ಹೆದರಿ ಬೆನ್ನನ್ನು ಗೋಡೆಗೆ ಕೊಟ್ಟು ನಿಂತ. ಹಾಗೆ ನಿಂತು ಗಾರೆ ಮಾಡಿದವರು ಪ್ರಪಂಚದಲ್ಲಿ ಯಾರೂ ಇಲ್ಲ; ಮಧ್ಯಾಹ್ನದವರೆಗೆ ಒಂದು ಮಾರು ಕೆಲಸವೂ ಸಾಗಲಿಲ್ಲ.

ಊಟದ ಹೊತ್ತಿಗೆ ತಡೆಯಲಾರದೆ ಷಡ್ಕನನ್ನು ಮೆಟ್ಟಿಲ ಕೆಳಗೆ ಕರೆದೊಯ್ದ. ಹೆಂಡತಿಯ ತಂಗಿಯ ಗಂಡ, ಅದೇ ಕಟ್ಟಡದಲ್ಲಿ ಕಂಬಿ ಕಟ್ಟುವವನು, ಪಕ್ಕದ ಮನೆಯಲ್ಲೇ ವಾಸ. ಅವನನ್ನು ನಂಬದೆ ಇನ್ನಾರನ್ನು ನಂಬುವುದು? ಷಡ್ಕ ಪಟ್ಟಿಗಳನ್ನು ಎತ್ತಿ ನೋಡಿ ನಿಟ್ಟುಸಿರುಬಿಟ್ಟ.

"ಏನೂ ಇಲ್ಲ ಅಣ್ಣ. ಈಗ ತಾನೆ ಸುಣ್ಣ ಹೊಡೆದ ಗೋಡೆ ಇದ್ದಂಗಿದೆ."

ಮೇಸ್ತ್ರಿಯ ಕಣ್ಣೆದುರಿನ ಕುರ್ಚಿ ಮಾಯವಾಯಿತು. ಉಪಾಯ ಹೇಳಿದವನೂ ಷಡ್ಕನೇ. ಪಟ್ಟಿಯಡಿ ಚೂರು ಹಸಿ ಸಿಮೆಂಟು ಮೆತ್ತಿದರೆ ಸಂಜೆಯೊಳಗೆ ಕೆಂಪಾಗುತ್ತದೆ. ಕೈ ಕೆಟ್ಟಿದ್ದೂ ಸಿಮೆಂಟಿನಿಂದಲೇ, ಸುಳ್ಳೇನೂ ಅಲ್ಲವಲ್ಲ. ಯಾವುದು ಕ್ರೋಮಿಯಂ ಪಟ್ಟಿ ಎಂದು ಮೇಸ್ತ್ರಿಗೆ ಗೊತ್ತಿರಲಿಲ್ಲ. ಹಾಗಾದರೆ ಮೂರಕ್ಕೂ ಮೆತ್ತೋಣ ಎಂದ ಷಡ್ಕ, ಮೆತ್ತಿಯೇಬಿಟ್ಟ.

ಮುಂದಿನ ಮೂರು ಗಂಟೆ ಮೇಸ್ತ್ರಿ ಕಾದ ಹೆಂಚಿನ ಮೇಲೆ ಕೂತವನಂತೆ ಚಡಪಡಿಸಿದ. ಉರಿ ಏರಿದಷ್ಟೂ ಉತ್ಸಾಹ ಏರಿತು. ಮೂರೂವರೆಗೆ ಷಡ್ಕ ಸಿಮೆಂಟು ಒರೆಸಿ, ಪಟ್ಟಿಗಳನ್ನು ಮೊದಲಿನಂತೆ ಅಂಟಿಸಿ, ಗೆದ್ದು ಬಾ ಎಂದು ಕಳಿಸಿದ.

ಕಟ್ಟಡದ ಆಫೀಸಿಗೇ ಬಂದಿದ್ದ ಡಾಕ್ಟರಮ್ಮ ಪಟ್ಟಿ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, ಇಂಜಿನಿಯರನ್ನು ಹತ್ತಿರ ಕರೆದರು.

"ಕ್ರೋಮಿಯಂ ಆಗಲ್ಲ. ಸಿಮೆಂಟು ಮುಟ್ಟೋ ಹಾಗಿಲ್ಲ."

ಮೇಸ್ತ್ರಿ ಕುಣಿಯುವುದೊಂದು ಬಾಕಿ.

"ಕೋಬಾಲ್ಟೂ ಆಗಲ್ಲ, ನಿಕಲ್ಲೂ ಆಗಲ್ಲ. ಅವು ಬೆರೆತಿರೋ ಬೀಗದ ಕೈ, ನಲ್ಲಿ, ಕೀಲು, ಯಾವುದನ್ನೂ ಮುಟ್ಟೋ ಹಾಗಿಲ್ಲ."

ಉಗ್ರಾಣದ ತುಂಬ ಇದ್ದದ್ದೇ ಅವು. ಇಂಜಿನಿಯರು ಪಾಪ ಬಹಳ ಯೋಚಿಸಿ, ಮೇಸ್ತ್ರಿಗೆ ಬಿಸಿಲಲ್ಲಿ ನಿಂತು ರಬ್ಬರ್ ಪೈಪಿನಿಂದ ಗೋಡೆಗಳಿಗೆ ನೀರು ಹೊಡೆಯುವ ಕೆಲಸ ಕೊಟ್ಟರು. ಉಗ್ರಾಣಕ್ಕೆ ಯಾರು ಎಂದಾಗ, ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಷಡ್ಕ ಒಂದು ಹೆಜ್ಜೆ ಮುಂದೆ ಬಂದು, ದಿನವಿಡೀ ಕಬ್ಬಿಣ ಮುಟ್ಟಿಯೂ ಗಾಯವಾಗದ ತನ್ನ ಅಂಗೈಗಳನ್ನು ಚಾಚಿದ.

ಮನೆಗೆ ಬಂದ ಮೇಸ್ತ್ರಿ ದುಃಖ ತಡೆಯಲಾರದೆ ಬೋರಲು ಬಿದ್ದುಕೊಂಡ. ಮುಲಾಮು ಹಚ್ಚಲು ಅಂಗಿ ಎತ್ತಿದ ಹೆಂಡತಿ ಬೆಚ್ಚಿದಳು.

"ಇದೇನ್ರೀ, ಮೂರೂ? ಬೆಳಿಗ್ಗೆ ಮೇಲಿನದೊಂದೇ ತಾನೆ ಟೊಮೇಟೊ ಥರ ಕೆಂಪಾಗಿದ್ದದ್ದು?"

"ಬೆಳಿಗ್ಗೆನೇ ಕೆಂಪಾಗಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಖುಷಿಲಿ ಊರಿಗೆಲ್ಲ ಬೆನ್ನು ತೋರಿಸ್ಕೊಂಡು ಬರ್ತಿದ್ರಿ. ಅದಕ್ಕೇ ಬಾಯಿ ಬಿಗಿಹಿಡಿದೆ. ನನ್ನ ತಂಗಿಗೆ ಮಾತ್ರ ಹೇಳಿದ್ದು."

ಪಕ್ಕದ ಮನೆಯಲ್ಲಿ ಬೀಗದ ಕೈ ಗೊಂಚಲು ಗಲಗಲ ಎಂದಿತು.