ಸಾಹೇಬರಿಗೆ ಕಟ್ಟಿದ ಬುತ್ತಿ

ನನ್ನ ಅಕ್ಷರ ಸೊಟ್ಟ, ಮಾತು ಬಡಕಲು. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಓದುವವರು ಸಿಟ್ಟಾಗಬಾರದು. ಎದುರು ಮನೆಯ ಸರಸ್ವತಿಬಾಯಿ ನಗುತ್ತ, ನಡುನಡುವೆ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದನ್ನು ತಿದ್ದಿ ತಿದ್ದಿ ಬರೆದಿದ್ದೇನೆ.

ರಾಜ್ಯಕ್ಕೆ ಕರ್ನಾಟಕವೆಂದು ಹೊಸ ಹೆಸರು ಬಂದ ವರ್ಷವಿದು. ನಮ್ಮ ಮನೆಗೂ ಹೆಸರು ಬಂದೇ ಬರುತ್ತದೆ, ಬಾರದಿದ್ದರೆ ನಾನೇ ತರುತ್ತೇನೆ ಎಂದು ಸರಸ್ವತಿಬಾಯಿ ಸೇಡಂ ಪೇಟೆಗೆಲ್ಲ ಸಾರಿಬಿಟ್ಟಿದ್ದರು! ಅವರ ಮಗಳು ಭಾಮಕ್ಕ ಹೈದರಾಬಾದಿನಲ್ಲಿ ಆಹಾರ ವಿಜ್ಞಾನದ ಎಂ.ಎಸ್ಸಿ. ಮುಗಿಸಿದ್ದಳು. ಮುಂದೆ ಸಂಶೋಧನೆಗೆ ಇದ್ದದ್ದು ಒಂದೇ ಜಾಗ, ಬಯಸಿದವರು ಇಬ್ಬರು. ಕೂಲಿ ಹೆಂಗಸೊಬ್ಬಳು ಒಂದು ದಿನ ತಿನ್ನುವಷ್ಟನ್ನೇ ತಂದು ತೋರಿಸಿ ಎಂದು ಪ್ರೊಫೆಸರ್ ಸಾಹೇಬರು ಇಬ್ಬರಿಗೂ ಹೇಳಿದ್ದರು.

ಭಾಮಕ್ಕ ಸೇಡಂ ಹತ್ತಿರದ ಮುಧೋಳಕ್ಕೆ ಹೋಗಿ ಕಲ್ಲು ಒಡೆಯುವ ಹಣಮಮ್ಮನ ಮನೆಯಲ್ಲಿ ದಿನವಿಡೀ ಕುಳಿತಳು. ಹಣಮಮ್ಮ ತಿಂದಷ್ಟೇ ಜೋಳದ ರೊಟ್ಟಿ, ಪುಂಡಿಪಲ್ಯ ತೂಗಿ ಡಬ್ಬಿಗೆ ತುಂಬಿಕೊಂಡಳು. ಕೆಡದಂತೆ ತಮ್ಮ ಮನೆಯ ಮಾಳಿಗೆಯ ಮೇಲೆ ಒಣಗಿಸಿ, ಡಬ್ಬಿಗೆ ಬಟ್ಟೆ ಸುತ್ತಿ ಗಂಟು ಹಾಕಿದಳು.

ರೈಲಿಗೆ ಹೊರಡುವ ಮುನ್ನ ಅವಳು ಸ್ನಾನಕ್ಕೆ ಹೋದಾಗ ಸರಸ್ವತಿಬಾಯಿ ಗಂಟು ಬಿಚ್ಚಿದರು. ಒಣ ರೊಟ್ಟಿಯ ಚೂರು! ಜಾಗ ಕೊಡುವ ದೊಡ್ಡವರಿಗೆ ಇಂಥ ಬುತ್ತಿಯೇ? ಪರರ ಮನೆಯ ಅಡುಗೆಯನ್ನು ಎಂದೂ ಮುಟ್ಟದ ಆ ತಾಯಿ ಮಗಳ ಭವಿಷ್ಯಕ್ಕಾಗಿ ಮಡಿಯನ್ನೇ ಬಲಿಕೊಟ್ಟರು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಉದುರಿಸಿದರು, ತುಪ್ಪ ಕಾಯಿಸಿ ಕೈಬಿಚ್ಚಿ ಸುರಿದರು, ಮೊದಲಿನಂತೆಯೇ ಗಂಟು ಹಾಕಿ ಮತ್ತೊಮ್ಮೆ ಸ್ನಾನ ಮಾಡಿದರು.

ಭಾಮಕ್ಕ ಗಂಟು ಬಿಚ್ಚದೆ ಒಯ್ದು ಸಾಹೇಬರ ಕೈಗೆ ಕೊಟ್ಟಳು.

ವಾರದ ಮೇಲೆ ತಿರುಗಿ ಬಂದವಳು ಚಪ್ಪಲಿಯನ್ನೂ ಬಿಡದೆ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

“ಸಾಹೇಬರಿಗೆ ರುಚಿ ಹತ್ತಿತೇನವ್ವಾ?” ಎಂದರು ತಾಯಿ.

“ಅವರ್ಯಾಕ ತಿಂತಾರ? ಜಿಡ್ಡು ತಗದು ತೂಗಿ, ಉಳಿದದ್ದನ್ನ ಸುಟ್ಟು ಬೂದಿ ಮಾಡಿ ನೋಡಿದ್ರು.”

“ತುಪ್ಪ ಹಾಕಿದ್ದನ್ನ?”

ಭಾಮಕ್ಕ ನಿಧಾನವಾಗಿ ತಲೆ ಎತ್ತಿದಳು. “ಯಾವ ತುಪ್ಪ?”

ಸರಸ್ವತಿಬಾಯಿ ಸೆರಗಿನ ತುದಿ ಹಿಂಡುತ್ತ ಎಲ್ಲವನ್ನೂ ಹೇಳಬೇಕಾಯಿತು. ಕಲ್ಲು ಒಡೆಯುವವಳ ಊಟದಲ್ಲಿ ಇಷ್ಟು ಜಿಡ್ಡು ಎಲ್ಲಿಂದ ಬಂತೆಂದು ಸಾಹೇಬರು ಕೇಳಿದ್ದರಂತೆ. ಏನೂ ತಿಳಿಯದ ಭಾಮಕ್ಕ, ಹಣಮಮ್ಮ ಉಂಡದ್ದೇ ಇದು ಎಂದು ಆಣೆ ಮಾಡಿದ್ದಳಂತೆ. ಸುಳ್ಳು ಹೇಳುವವರಿಗೆ ಈ ಕೆಲಸ ಬೇಡವೆಂದು ಜಾಗ ಇನ್ನೊಬ್ಬಳಿಗೆ ಹೋಯಿತಂತೆ.

“ನಿನಗ ಛಲೋ ಆಗಲಂತ ಹಾಕಿದೆನವ್ವಾ,” ಎಂದರು ಸರಸ್ವತಿಬಾಯಿ.

“ಹಣಮಮ್ಮನ ತಾಟಿನ್ಯಾಗರೆ ಹಾಕಿದ್ರ ಆಕೀಗಿ ಛಲೋ ಆಗ್ತಿತ್ತು,” ಎಂದು ಭಾಮಕ್ಕ ಒಳಗೆ ಹೋದಳು.

ಅಂದಿನಿಂದ ಸರಸ್ವತಿಬಾಯಿ ತಮ್ಮ ಅನ್ನಕ್ಕೆ ತುಪ್ಪ ಬಡಿಸಿಕೊಂಡಿಲ್ಲ. ಜಾಗ ಹೋದರೂ ತನ್ನ ಮಾತು ನಿಜವೆಂದು ತೋರಿಸಲು ಭಾಮಕ್ಕ ಅದೇ ಊಟ ತೂಗಿ ತರಲು ಮತ್ತೆ ಮುಧೋಳಕ್ಕೆ ಹೊರಟಿದ್ದಾಳೆ. ನಾಳೆ ನಾನೂ ಜೊತೆಗೆ ಹೋಗುತ್ತೇನೆ. ಬಂದ ಮೇಲೆ, ಅವಳು ರೈಲು ಹತ್ತುವವರೆಗೆ ಡಬ್ಬಿಯನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ. ನಮ್ಮಲ್ಲಿ ತುಪ್ಪವಿಲ್ಲ.